ನನ್ನ ನಕ್ಷೆಯಲ್ಲಿ ಹಕ್ಕಿಗೆ ಜಾಗವಿರಲಿಲ್ಲ

ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ನಲ್ಲಿ ನಮ್ಮ ತಂಡಕ್ಕೆ ಒಳ್ಳೆಯ ಅಂಕ ಬಂತು. ವಿಷಯ, ನಮ್ಮೂರ ಕೆರೆಯ ಸಮಗ್ರ ಅಭಿವೃದ್ಧಿ. ಸಿವಿಲ್ ವಿಭಾಗದ ನಾವು ನಾಲ್ವರು ತಿಂಗಳುಗಟ್ಟಲೆ ಕೂತು ನಕ್ಷೆ ಬರೆದಿದ್ದೆವು. ಕೆರೆಯ ಸುತ್ತಲೂ ಉಂಗುರದ ಹಾಗೆ ಏರಿ, ಏರಿಯ ಒಳಮೈಗೆಲ್ಲ ಕಲ್ಲು ಹಾಸು, ಮೇಲೆ ಟೈಲ್ಸ್ ಹಾಕಿದ ವಾಕಿಂಗ್ ಪಾತ್, ಎಲ್‌ಇಡಿ ದೀಪ, ಬೆಂಚು, ನಡುವೆ ಕಾರಂಜಿ. ಅಂಗಳವನ್ನು ಒಂದೇ ಸಮ ಮೂರು ಮೀಟರ್ ಆಳ ಮಾಡಿದರೆ ಎಷ್ಟು ನೀರು ಹೆಚ್ಚು ನಿಲ್ಲುತ್ತದೆ ಎಂಬ ಲೆಕ್ಕವೂ ಇತ್ತು. ವೈವಾಗೆ ಬಂದಿದ್ದ ಪರೀಕ್ಷಕರು ಡ್ರಾಯಿಂಗ್ ನೋಡಿ ‘ನೀಟಾಗಿದೆ’ ಎಂದರು. ಅದೇ ಸಂಜೆ ಆ ಪ್ರಾಜೆಕ್ಟ್ ನನ್ನ ರೆಸ್ಯೂಮೆಯ ಮೊದಲ ಸಾಲಾಯಿತು.

ಅದಾದ ಮೂರೇ ವಾರಕ್ಕೆ ನಾನು ಇನ್ನೊಂದು ಕೆರೆ ನೋಡಿದೆ. ಅಂದಿನಿಂದ ಆ ಡ್ರಾಯಿಂಗ್ ತೆರೆದು ನೋಡಲು ನನಗೆ ಒಂಥರಾ ಮುಜುಗರ.

ಪರೀಕ್ಷೆ ಮುಗಿದು ರಜೆ ಸಿಕ್ಕಿತ್ತು. ಸೋದರಮಾವನ ಊರಿಗೆ ಹೋದೆ. ಅದು ಮಾಗಡಿಯ ಪಕ್ಕದ ಹಳ್ಳಿ. ಬೆಂಗಳೂರಿನ ಹತ್ತಿರದ ಮಾಗಡಿ ಅಲ್ಲ, ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಅಲ್ಲಿನ ಕೆರೆಗೆ ಚಳಿಗಾಲದಲ್ಲಿ ಸಾವಿರಾರು ಹೆಬ್ಬಾತುಗಳು ಬರುತ್ತವೆ ಎಂದು ಚಿಕ್ಕಂದಿನಿಂದ ಕೇಳಿದ್ದೆ. ಆದರೆ ನಾವು ಹೋಗುತ್ತಿದ್ದದ್ದೇ ಬೇಸಿಗೆ ರಜೆಗೆ. ಅಷ್ಟರಲ್ಲಿ ಹಕ್ಕಿಗಳು ವಾಪಸ್ ಹೊರಟಿರುತ್ತಿದ್ದವು. ಈ ಸಲ ಜನವರಿ. ಹಾಸ್ಟೆಲ್‌ನ ಸೀನಿಯರ್ ಒಬ್ಬರ ಬೈನಾಕ್ಯುಲರ್ ಇಸಿದುಕೊಂಡೇ ಬಸ್ ಹತ್ತಿದ್ದೆ.

‘ಮಾಮಾ, ನಾಳೆ ಮುಂಜಾನೆ ಕೆರಿಗೆ ಕರ್ಕೊಂಡು ಹೋಗ್ತಿಯೇನು?’ ಎಂದು ಕೇಳಿದೆ.

‘ಹೋಗೂಣು ಬಾರವ್ವಾ. ಹೆಂಗೂ ನಸುಕಿನಾಗ ಹೊಲಕ್ಕ ಹೋಗಬೇಕು, ಅವನ್ನ ಎಬ್ಬಸಾಕ’ ಎಂದರು ಮಾಮಾ.

ಯಾರನ್ನು ಎಬ್ಬಿಸಲು ಎಂದು ಆಗ ಗೊತ್ತಾಗಲಿಲ್ಲ.

ಬೆಳಗಿನ ಐದೂವರೆ. ಬೈಕಿನ ಹಿಂದೆ ಕೂತು ಶಾಲು ಬಿಗಿದುಕೊಂಡಿದ್ದೆ. ಮಾಮಾನ ಹೊಲ ಕೆರೆಯಿಂದ ಎರಡು ಕಿಲೋಮೀಟರ್ ಇರಬಹುದು. ಮೂರು ಎಕರೆ ಕಡಲೆ. ಬದುವಿನ ಮೇಲೆ ನಿಂತಾಗ ಕತ್ತಲಲ್ಲಿ ಏನೂ ಕಾಣಲಿಲ್ಲ. ಗೊಣಗಾಟದಂಥ ಸದ್ದು ಮಾತ್ರ ಕೇಳುತ್ತಿತ್ತು. ಮಾಮಾ ಬೈಕಿನ ಡಿಕ್ಕಿಯಿಂದ ಹಳೆಯ ಸ್ಟೀಲ್ ತಾಟು ತೆಗೆದು ಚಮಚದಿಂದ ಬಡಿದರು. ಇಡೀ ಹೊಲವೇ ಎದ್ದಂತಾಯಿತು. ನೂರಾರು ರೆಕ್ಕೆಗಳ ಸದ್ದು ತಲೆಯ ಮೇಲೆ ಹಾದು ಕೆರೆಯ ಕಡೆ ಹೋಯಿತು. ನನ್ನ ಮೈ ಜುಮ್ಮೆಂದಿತು. ಮಾಮಾ ಮಾತ್ರ ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ಗಿಡ ನೋಡುತ್ತಿದ್ದರು. ಸಾಲು ಸಾಲು ಕಡಲೆ ಗಿಡದ ಕುಡಿ ಕತ್ತರಿ ಆಡಿಸಿದ ಹಾಗೆ ಮಾಯವಾಗಿತ್ತು.

‘ಹಗಲೆಲ್ಲಾ ನೀರಾಗ ಕುಂದರತಾವ. ಕತ್ತಲಾತಂದ್ರ ಹೊಲಕ್ಕ ಇಳಿತಾವ. ಕೆರಿ ಅವಕ್ಕ ಮನಿ, ನಮ್ಮ ಹೊಲ ಖಾನಾವಳಿ’ ಎಂದರು. ಸಿಟ್ಟಿನಲ್ಲಿ ಹೇಳಲಿಲ್ಲ, ನಕ್ಕೇ ಹೇಳಿದರು. ಆದರೂ ಆ ನಗುವಿಗೆ ನನ್ನ ಬಳಿ ಉತ್ತರ ಇರಲಿಲ್ಲ.

ಬೆಳಕು ಹರಿಯುವಾಗ ಕೆರೆಗೆ ಬಂದೆವು. ಬೈನಾಕ್ಯುಲರ್ ಕಣ್ಣಿಗೆ ಹಿಡಿದೆ. ಬೂದು ಮೈ, ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಪಟ್ಟೆತಲೆ ಹೆಬ್ಬಾತು. ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳ ಬಳಿ ಮರಿ ಮಾಡುವ ಈ ಹಕ್ಕಿಗಳು ಹಿಮಾಲಯ ದಾಟಿ ಬರುತ್ತವೆ. 7 ಸಾವಿರ ಮೀಟರ್‌ಗೂ ಹೆಚ್ಚು ಎತ್ತರದಲ್ಲಿ ಇವು ಹಾರಿದ್ದು ದಾಖಲಾಗಿದೆ. ಅಷ್ಟು ಎತ್ತರದಲ್ಲಿ ಮನುಷ್ಯ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬರುತ್ತದೆ. ತೆಳುಗಾಳಿಯಲ್ಲೂ ಆಮ್ಲಜನಕ ಹಿಡಿದುಕೊಳ್ಳುವ ಶಕ್ತಿ ಇವುಗಳ ರಕ್ತದ ಹಿಮೋಗ್ಲೋಬಿನ್‌ಗಿದೆ. ಹಾಗೆ ಬಂದ ಹಕ್ಕಿ ಇಳಿಯುವುದು ನಮ್ಮ ಹಳ್ಳಿಯವರು ಹೊಲಕ್ಕೆ ನೀರು ಬೇಕೆಂದು ಕಟ್ಟಿಕೊಂಡ ಒಂದು ಕೆರೆಗೆ!

ಹೌದು, ಮಾಗಡಿ ಕೆರೆ ಮನುಷ್ಯರು ಕಟ್ಟಿದ್ದು. ಮಳೆನೀರು ನಿಲ್ಲಿಸಿ ನೀರಾವರಿಗೆ ಬಳಸಲು ಮಾಡಿದ, ಸುಮಾರು 50 ಹೆಕ್ಟೇರಿನ ಕೆರೆ. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. 166 ಜಾತಿಯ ಹಕ್ಕಿಗಳು, ಅವುಗಳಲ್ಲಿ 130 ವಲಸೆ ಬರುವಂಥವು, ಚಳಿಗಾಲದಲ್ಲಿ ಸುಮಾರು 8 ಸಾವಿರ ಪಟ್ಟೆತಲೆ ಹೆಬ್ಬಾತುಗಳು ಎನ್ನುತ್ತದೆ ಆ ಪಟ್ಟಿಯ ವಿವರ. ಅದೇ ವರ್ಷ ಪಟ್ಟಿ ಸೇರಿದ ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಶತಮಾನಗಳ ಹಿಂದೆ ಕಟ್ಟಿದ ಊರ ಕೆರೆಯೇ. 2022ರಲ್ಲೇ ಸೇರಿದ್ದ ರಂಗನತಿಟ್ಟಿನ ನಡುಗಡ್ಡೆಗಳು ಉಂಟಾದದ್ದು 17ನೇ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ. ಅಘನಾಶಿನಿ ಅಳಿವೆಯೊಂದನ್ನು ಬಿಟ್ಟರೆ ಈ ಪಟ್ಟಿಯಲ್ಲಿ ನಮ್ಮ ರಾಜ್ಯದ ಹೆಸರು ಹೇಳುವ ಜಾಗಗಳ ಹಿಂದೆ ಮನುಷ್ಯನ ಕೈಯಿದೆ. ಅಂದರೆ ನಮ್ಮ ಸಿವಿಲ್ ಕೆಲಸದ ಕೈಯಿದೆ.

ಇದು ನೆನಪಾದಾಗ ಮೊದಲು ಖುಷಿಯಾಯಿತು. ಆಮೇಲೆ ನನ್ನ ನಕ್ಷೆ ನೆನಪಾಯಿತು.

ಹಕ್ಕಿ ನೋಡುವುದನ್ನು ಬಿಟ್ಟು ಕೆರೆ ನೋಡತೊಡಗಿದೆ. ನಮ್ಮ ಹಳೆಯ ಕೆರೆಗಳ ಜಾಣತನ ಇರುವುದು ಅವುಗಳ ಏರಿ ಎಲ್ಲಿದೆ ಎಂಬುದರಲ್ಲಿ. ತಗ್ಗಿನ ಕಡೆ ಮಾತ್ರ ಏರಿ. ಅಲ್ಲೇ ತೂಬು, ಬದಿಗೆ ಕೋಡಿ. ಉಳಿದ ಕಡೆ ನೆಲ ಮೆಲ್ಲಗೆ ಏರುತ್ತಾ ಹೊಲಗಳಿಗೆ ಸೇರುತ್ತದೆ. ಹೀಗಾಗಿ ಏರಿಯ ಬುಡದಲ್ಲಿ ನೀರು ಆಳ, ಆಚೆ ದಡದಲ್ಲಿ ಮೊಣಕಾಲು ಮಟ್ಟ, ಇನ್ನೂ ಆಚೆ ಪಾದ ಮುಳುಗುವಷ್ಟು, ಆಮೇಲೆ ಬರೀ ಕೆಸರು. ಮಳೆಗಾಲ ಮುಗಿದ ಮೇಲೆ ನೀರು ಹಿಂದೆ ಸರಿದಂತೆ ಆ ಕೆಸರಿನ ಪಟ್ಟಿಯೂ ದಿನದಿನಕ್ಕೆ ಸರಿಯುತ್ತದೆ. ಅದರಲ್ಲಿ ಹುಳು, ಮೃದ್ವಂಗಿ, ಹುಲ್ಲಿನ ಬೀಜ. ಹಕ್ಕಿಗಳಿಗೆ ದಿನಾ ಹೊಸದಾಗಿ ಬಡಿಸಿದ ಎಲೆ.

ಅವತ್ತು ಅವು ನಿಂತಿದ್ದ ರೀತಿಯಲ್ಲೇ ಇದು ಕಾಣುತ್ತಿತ್ತು. ಆಳದ ನೀರಿನಲ್ಲಿ ಗುಳುಮುಳುಕ ಮುಳುಗಿ ಏಳುತ್ತಿತ್ತು. ಸ್ವಲ್ಪ ಇತ್ತ, ಬಾತುಗಳು ತಲೆ ಕೆಳಗೆ ಬಾಲ ಮೇಲೆ ಮಾಡಿ ತಳ ಕೆದಕುತ್ತಿದ್ದವು. ಇನ್ನೂ ಇತ್ತ, ಗೇಣುದ್ದ ನೀರಿನಲ್ಲಿ ಕೆಂಪು ಕಡ್ಡಿಯಂಥ ಕಾಲಿನ ಮೆಟ್ಟುಗಾಲು ಹಕ್ಕಿ. ಕೆಸರಿನಲ್ಲಿ ಕೊಕ್ಕು ಚುಚ್ಚುತ್ತಾ ಓಡಾಡುವ ಸಣ್ಣ ಗದ್ದೆಗೊರವಗಳು. ಒಣ ದಡದಲ್ಲಿ ಹೊಟ್ಟೆ ತುಂಬಿದ ಹೆಬ್ಬಾತುಗಳು. ಒಂದೊಂದು ಹಕ್ಕಿಗೂ ಒಂದೊಂದು ಆಳ. ಬಸ್ಸಿನಲ್ಲಿ ಸೀಟು ಹಂಚಿಕೊಂಡ ಹಾಗೆ.

ಮನೆಗೆ ಬಂದು ಒಂದು ಲೆಕ್ಕ ಹಾಕಿದೆ. ಹತ್ತನೇ ಕ್ಲಾಸಿನ ಹುಡುಗರೂ ಮಾಡಬಹುದಾದ ಲೆಕ್ಕ. ಮೆಟ್ಟುಗಾಲು ಹಕ್ಕಿಯಂಥವು ನಿಂತು ಮೇಯಲು 20 ಸೆಂಟಿಮೀಟರ್ ಆಳದವರೆಗಿನ ನೀರು ಬೇಕು ಎಂದಿಟ್ಟುಕೊಳ್ಳಿ. ನನ್ನ ನಕ್ಷೆಯ ಕಲ್ಲುಹಾಸಿನ ಇಳಿಜಾರು ಒಂದಕ್ಕೆ ಎರಡು. ಒಂದು ಮೀಟರ್ ಆಳಕ್ಕೆ ಎರಡು ಮೀಟರ್ ಅಗಲ. ಅಂದರೆ 20 ಸೆಂಟಿಮೀಟರ್ ಆಳ ಸಿಗುವುದು ಬರೀ 40 ಸೆಂಟಿಮೀಟರ್ ಅಗಲದ ಪಟ್ಟಿಯಲ್ಲಿ. ಅದೇ ನೆಲ ಒಂದಕ್ಕೆ ನೂರರ ಇಳಿಜಾರಿನಲ್ಲಿದ್ದರೆ ಪಟ್ಟಿಯ ಅಗಲ 20 ಮೀಟರ್. ಒಂದು ಕಿಲೋಮೀಟರ್ ದಡಕ್ಕೆ ಗುಣಿಸಿ ನೋಡಿ. ನನ್ನ ನಕ್ಷೆಯಲ್ಲಿ ಹಕ್ಕಿಗೆ ಸಿಗುವುದು ಸುಮಾರು ನಾಲ್ಕು ಗುಂಟೆ. ಹಳೆಯ ಕೆರೆಯಲ್ಲಿ ಸಿಗುತ್ತಿದ್ದದ್ದು ಹೆಚ್ಚುಕಡಿಮೆ ಐದು ಎಕರೆ. ಆ ನಾಲ್ಕು ಗುಂಟೆಯೂ ಕಲ್ಲು. ಕಲ್ಲಿನ ಮೇಲೆ ಹುಳು ಎಲ್ಲಿಂದ ಬರಬೇಕು?

ನೀರು ಹೆಚ್ಚಿಸಿದ್ದೆ, ನಿಜ. ಕೆರೆಯನ್ನು ತೊಟ್ಟಿ ಮಾಡಿದ್ದೆ.

ಇದು ನನ್ನೊಬ್ಬಳ ತಪ್ಪಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ನಿಮ್ಮೂರಿನಲ್ಲೂ ಒಂದು ‘ಅಭಿವೃದ್ಧಿ’ಯಾದ ಕೆರೆ ಇದ್ದರೆ ಹೋಗಿ ನೋಡಿ. ಸುತ್ತಲೂ ಏರಿ, ಒಳಗೆಲ್ಲ ಕಲ್ಲು, ಮೇಲೆ ಗ್ರಿಲ್. ಸೆಲ್ಫಿ ಚೆನ್ನಾಗಿ ಬರುತ್ತದೆ. ಹಕ್ಕಿ ಎಷ್ಟಿವೆ ಎಂದು ಎಣಿಸಿ. ಮಳೆನೀರು ಹರಿದು ಬರುವ ದಾರಿಗೂ ಆ ಉಂಗುರದ ಏರಿ ಅಡ್ಡ ಬಂದು, ಎರಡು ಪೈಪು ಇಟ್ಟು ಕೈತೊಳೆದುಕೊಂಡಿರುವುದೂ ಕಾಣಬಹುದು. ಅಲ್ಲಿಗೆ ಹಕ್ಕಿಯ ಜೊತೆ ನೀರಿಗೂ ಬಾಗಿಲು ಹಾಕಿದಂತಾಯಿತು.

‘ಹಾಗಾದರೆ ಜನ ವಾಕಿಂಗ್ ಮಾಡಬಾರದಾ? ಹೂಳು ತೆಗೆಯಬಾರದಾ?’ ಎಂದು ನನ್ನ ಪ್ರಾಜೆಕ್ಟ್ ಗೆಳತಿಯೇ ಫೋನಿನಲ್ಲಿ ಜಗಳಕ್ಕೆ ಬಂದಳು. ಅವಳ ಪ್ರಶ್ನೆ ನ್ಯಾಯವಾದದ್ದೇ. ಊರಿಗೆ ನೀರು ಬೇಕು, ವಯಸ್ಸಾದವರಿಗೆ ಓಡಾಡಲು ಜಾಗ ಬೇಕು, ಕೆರೆಯನ್ನು ಹಾಗೇ ಬಿಟ್ಟರೆ ಒತ್ತುವರಿಯಾಗುತ್ತದೆ. ಹೂಳು ತೆಗೆಯದಿದ್ದರೆ ಕೆರೆಯೇ ಉಳಿಯುವುದಿಲ್ಲ. ಮನುಷ್ಯ ಕಟ್ಟಿದ ಕೆರೆಯನ್ನು ಮನುಷ್ಯನೇ ನೋಡಿಕೊಳ್ಳಬೇಕು. ಕಾಡಿನ ಹಾಗೆ ‘ಮುಟ್ಟದೆ ಬಿಡಿ’ ಎನ್ನಲು ಬರುವುದಿಲ್ಲ.

ಆದರೆ ಇವೆಲ್ಲಕ್ಕೂ ಸುತ್ತಲೂ ಏರಿ ಬೇಕಿಲ್ಲ. ಹಳೆಯ ಏರಿಯ ಮೇಲೇ ನಡೆಯುವ ದಾರಿ ಮಾಡಬಹುದು. ಆಳ ಬೇಕಾದ್ದು ಏರಿಯ ಬುಡದ ಕಡೆ, ಅಲ್ಲಿ ಹೂಳು ತೆಗೆಯೋಣ. ಆ ಹೂಳು ಹೊಲಗಳಿಗೆ ಗೊಬ್ಬರ. ವಲಸೆ ಹಕ್ಕಿಗಳು ಹೋದ ಮೇಲೆ, ಬೇಸಿಗೆಯಲ್ಲಿ ಆ ಕೆಲಸ ಇಟ್ಟುಕೊಳ್ಳೋಣ. ನೀರು ಬರುವ ಕಡೆಯ ದಡವನ್ನು ಕಲ್ಲು ಹಾಕದೆ ಇಳಿಜಾರಾಗಿಯೇ ಬಿಡೋಣ. ಗಡಿ ಗುರುತಿಸಲು ಕಂಬ ನೆಟ್ಟರೆ ಸಾಕು, ಒತ್ತುವರಿ ತಡೆಯಲು ಗೋಡೆಯೇ ಬೇಕೆಂದಿಲ್ಲ. ಕಲ್ಲು, ಟೈಲ್ಸ್ ಕಡಿಮೆಯಾದಷ್ಟೂ ಅಂದಾಜು ವೆಚ್ಚ ಇಳಿಯುತ್ತದೆ.

ನಿಯಮದ ಮಾತಿಗೆ ಬಂದರೆ ನನಗೆ ಆಶ್ಚರ್ಯವಾದ ಒಂದು ಸಂಗತಿ ಹೇಳಬೇಕು. ಜೌಗುಪ್ರದೇಶಗಳನ್ನು ಕಾಪಾಡಲು ಕೇಂದ್ರ ಸರ್ಕಾರ 2017ರಲ್ಲಿ ನಿಯಮ ಮಾಡಿದೆ. ಆ ನಿಯಮ ‘ಜೌಗುಪ್ರದೇಶ’ಕ್ಕೆ ಕೊಡುವ ವ್ಯಾಖ್ಯೆಯಲ್ಲಿ, ನೀರಾವರಿಗೆಂದೇ ಕಟ್ಟಿದ ರಚನೆಗಳನ್ನೂ ಕುಡಿಯುವ ನೀರಿಗೆಂದೇ ಕಟ್ಟಿದ ಕೆರೆಗಳನ್ನೂ ಹೊರಗಿಟ್ಟಿದೆ. ರಾಮ್ಸಾರ್ ಪಟ್ಟಿ ಸೇರಿದ್ದರಿಂದ ಮಾಗಡಿ ಕೆರೆ ಆ ನಿಯಮದ ನೆರಳಿಗೆ ಬರುತ್ತದೆ. ಅದರಂತೆಯೇ ನೀರಾವರಿಗೆಂದು ಕಟ್ಟಿದ, ಆದರೆ ಪಟ್ಟಿಯಲ್ಲಿಲ್ಲದ ನಮ್ಮ ಸಾವಿರಾರು ಊರ ಕೆರೆಗಳ ಗತಿ? ಒತ್ತುವರಿ ತಡೆಯಲು ರಾಜ್ಯದ ಕಾನೂನಿದೆ, ಸರಿ. ಆದರೆ ದಡದ ಇಳಿಜಾರು ಹೇಗಿರಬೇಕು ಎಂದು ನಿರ್ಧರಿಸುವುದು ಕೊನೆಗೂ ನಕ್ಷೆ ಬರೆಯುವ ಎಂಜಿನಿಯರ್. ಮಂಗೋಲಿಯಾದಿಂದ ಬಂದ ಹಕ್ಕಿಗೆ ಯಾವ ಕೆರೆ ಪಟ್ಟಿಯಲ್ಲಿದೆ, ಯಾವುದು ಇಲ್ಲ ಎಂದು ಗೊತ್ತಿರುವುದಿಲ್ಲ. ಒಂದು ಕೆರೆ ಬತ್ತಿದ ವರ್ಷ ಅದು ಇನ್ನೊಂದು ಕೆರೆ ಹುಡುಕುತ್ತದೆ. ಆ ಇನ್ನೊಂದು ಕೆರೆ ಕಲ್ಲಿನ ತೊಟ್ಟಿಯಾಗಿದ್ದರೆ?

ಇನ್ನು ಮಾಮಾನ ಕಡಲೆ.

ಹಕ್ಕಿ ನೋಡಲು ಹೋಗುವ ನಮ್ಮಂಥವರು ಸಾಮಾನ್ಯವಾಗಿ ಕೆರೆ ನೋಡಿ, ಫೋಟೋ ತೆಗೆದು, ಶಿರಹಟ್ಟಿಯಲ್ಲೋ ಲಕ್ಷ್ಮೇಶ್ವರದಲ್ಲೋ ಮಿರ್ಚಿ ಭಜಿ ತಿಂದು ವಾಪಸಾಗುತ್ತೇವೆ. ನಾನೂ ಹಾಗೇ ಬರುತ್ತಿದ್ದೆ, ಮೊದಲು ಹೊಲಕ್ಕೆ ಹೋಗಿರದಿದ್ದರೆ. ಹೆಬ್ಬಾತು ಮೀನು ತಿಂದು ಬದುಕುವ ಹಕ್ಕಿಯಲ್ಲ. ಹುಲ್ಲು, ಕಾಳು, ಬೆಳೆಯ ಕುಡಿ ಅದರ ಆಹಾರ. ಕೆರೆ ಅದಕ್ಕೆ ಮಲಗಲು, ಅಡಗಲು. ಊಟ ರೈತರದು. ಹೀಗಿರುವಾಗ ‘ಕೆರೆ ಸಂರಕ್ಷಿಸಿದೆವು’ ಎಂದರೆ ಅರ್ಧ ಮಾತಾಯಿತು. ಉಳಿದರ್ಧವನ್ನು ಮಾಮಾನಂಥವರು ಯಾರಿಗೂ ಹೇಳದೆ ತಮ್ಮ ಹೊಲದಿಂದ ಕಟ್ಟುತ್ತಿದ್ದಾರೆ.

‘ಪಟಾಕಿ ಹೊಡೀಬಹುದಿತ್ತಲ್ಲ ಮಾಮಾ?’ ಎಂದು ಕೇಳಿದ್ದೆ.

‘ಹೊಡದ್ರ ಹೊಕ್ಕಾವ. ಬಾಜೂದವರ ಹೊಲಕ್ಕ ಹೊಕ್ಕಾವ, ಇಲ್ಲಾ ಮುಂದಿನ ವರ್ಷ ಬರಾಂಗಿಲ್ಲ. ಇವು ಬಂದಾವಂದ್ರ ಕೆರಿಯಾಗ ನೀರೈತಿ ಅಂತ ಅರ್ಥ ಬೇ. ಬರದ ವರ್ಷ ಕೆಟ್ಟ ವರ್ಷ. ಆದ್ರ ನೀವು ಫೋಟೋ ತಗೊಂಡು ಹೊಕ್ಕೀರಿ, ಅವು ಉಂಡು ಹೊಕ್ಕಾವ. ಬಿತ್ತಿದಾವ ನಾ’ ಎಂದರು.

ಇದಕ್ಕಿಂತ ಚೆನ್ನಾಗಿ ಈ ಸಮಸ್ಯೆಯನ್ನು ಯಾರೂ ಹೇಳಲಾರರು. ಮಾಮಾ ಹಕ್ಕಿಯ ವೈರಿಯಲ್ಲ. ಹಕ್ಕಿ ಬರದಿದ್ದರೆ ಅವರಿಗೇ ದಿಗಿಲು. ಅವರು ಕೇಳುತ್ತಿರುವುದು ಖರ್ಚಿನ ಪಾಲು. ಆನೆ ಬೆಳೆ ತುಳಿದರೆ ಪರಿಹಾರ ಕೊಡುವುದನ್ನು ನಾವೆಲ್ಲ ಒಪ್ಪಿದ್ದೇವೆ. ಹೆಬ್ಬಾತು ತಿಂದ ಕಡಲೆಗೂ ಅದೇ ನ್ಯಾಯ ಸಿಗಬೇಕು. ಕೆರೆಯ ಸುತ್ತಲಿನ ಹೊಲಗಳನ್ನು ಚಳಿಗಾಲದಲ್ಲಿ ಸಮೀಕ್ಷೆ ಮಾಡಿ, ನಷ್ಟವನ್ನು ಬರೆದುಕೊಂಡು, ರೈತನ ಖಾತೆಗೆ ಹಣ ಹಾಕುವುದು ದೊಡ್ಡ ತಂತ್ರಜ್ಞಾನವೇನಲ್ಲ. ಹಕ್ಕಿ ನೋಡಲು ಬರುವವರಿಂದ ಸಣ್ಣ ಶುಲ್ಕ ಪಡೆದು ಅದನ್ನು ಊರಿನವರಿಗೇ ಮುಟ್ಟಿಸಬಹುದು. ಊರಿನ ಹುಡುಗರಿಗೆ ಹಕ್ಕಿ ಗುರುತಿಸುವ ತರಬೇತಿ ಕೊಟ್ಟರೆ ಚಳಿಗಾಲದ ನಾಲ್ಕು ತಿಂಗಳು ಗೈಡ್ ಕೆಲಸವಾದರೂ ಸಿಗುತ್ತದೆ. ಹೊರಗಿನಿಂದ ಬಂದ ನನಗೆ ಬೈನಾಕ್ಯುಲರ್ ಬೇಕಾಯಿತು. ಮಾಮಾನ ಹತ್ತನೇ ಕ್ಲಾಸಿನ ಮಗ ಬರಿಗಣ್ಣಲ್ಲೇ ಹಾರುವ ರೀತಿ ನೋಡಿ ಯಾವ ಹಕ್ಕಿ ಎಂದು ಹೇಳುತ್ತಿದ್ದ.

ಗೆಳತಿಯ ಕೊನೆಯ ಪ್ರಶ್ನೆ ಇನ್ನೂ ಬಾಕಿ ಇದೆ. ‘ಇದೆಲ್ಲ ಸರಿ ಕಣೇ, ಇಂಟರ್‌ವ್ಯೂನಲ್ಲಿ ಹಕ್ಕಿ ಬಗ್ಗೆ ಯಾರು ಕೇಳ್ತಾರೆ?’

ಯಾರೂ ಕೇಳಲಿಕ್ಕಿಲ್ಲ. ನಮ್ಮ ನೀರಾವರಿ ವಿಷಯದ ನೋಟ್ಸ್‌ನಲ್ಲಿ ಕೆರೆ ಎಂದರೆ ಸಂಗ್ರಹ ಸಾಮರ್ಥ್ಯ, ಪೂರ್ಣ ಜಲಮಟ್ಟ, ಕೋಡಿಯ ಉದ್ದ. ನಾನು ಓದಿದ ಯಾವ ಪುಟದಲ್ಲೂ ಹಕ್ಕಿ ಇರಲಿಲ್ಲ, ರೈತನೂ ಇರಲಿಲ್ಲ. ಆದರೆ ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನ ಜೆಇ, ಎಇ ಪರೀಕ್ಷೆಗೆ ತಯಾರಾಗುತ್ತಿದ್ದೀರಿ. ನಾಳೆ ಯಾವುದೋ ತಾಲ್ಲೂಕಿನಲ್ಲಿ ಕೂತು ಯಾವುದೋ ಕೆರೆಯ ಅಂದಾಜುಪಟ್ಟಿಗೆ ಸಹಿ ಹಾಕುವವರು ನೀವೇ, ನಾನೇ. ಆ ಪಟ್ಟಿಯಲ್ಲಿ ‘ಸುತ್ತಲೂ ಕಲ್ಲುಹಾಸು’ ಎಂಬ ಸಾಲನ್ನು ‘ಏರಿಯ ಬದಿಗೆ ಮಾತ್ರ’ ಎಂದು ತಿದ್ದಲು ಒಂದು ನಿಮಿಷ ಸಾಕು. ಆ ಒಂದು ನಿಮಿಷಕ್ಕೆ ಬೇಕಾದ ತಿಳಿವಳಿಕೆ ಕ್ಲಾಸಿನಲ್ಲಿ ಸಿಗದಿದ್ದರೆ ಕೆರೆ ದಡದಲ್ಲಿ ಸಿಗುತ್ತದೆ. ಸಿವಿಲ್ ಓದುವ ಪ್ರತಿಯೊಬ್ಬರನ್ನೂ ಅಣೆಕಟ್ಟು ತೋರಿಸಲು ಕರೆದೊಯ್ಯುವ ಹಾಗೆ, ಒಂದು ಚಳಿಗಾಲದ ಬೆಳಿಗ್ಗೆ ಒಂದು ಹಳೆಯ ಕೆರೆಗೂ ಕರೆದೊಯ್ಯಲಿ ಎಂಬುದು ನನ್ನ ಆಸೆ. ಫೆಬ್ರುವರಿ 2 ವಿಶ್ವ ಜೌಗುಪ್ರದೇಶ ದಿನ. ಅಂದು ಹಾಲ್‌ನಲ್ಲಿ ಭಾಷಣ ಕೇಳುವ ಬದಲು ಅದನ್ನೇ ಮಾಡಬಹುದು.

ರಜೆ ಮುಗಿಯುವ ಮುಂಚೆ ಮಾಮಾನ ಮನೆಯ ಕಟ್ಟೆಯ ಮೇಲೆ ಕೂತು ನಮ್ಮೂರ ಕೆರೆಯ ನಕ್ಷೆಯನ್ನು ಮತ್ತೆ ಬರೆದೆ. ಅಂಕ ಆಗಲೇ ಬಂದಿದೆ, ಇದನ್ನು ಯಾರೂ ಕೇಳಿಲ್ಲ. ಆದರೂ ಬರೆದೆ. ಉಂಗುರದ ಏರಿ ಅಳಿಸಿದೆ. ಕಾರಂಜಿ ತೆಗೆದೆ. ನೀರು ಬರುವ ಕಡೆ ದಡವನ್ನು ಇಳಿಜಾರಾಗಿ ಬಿಟ್ಟು, ಅಲ್ಲಿ ಪುಟ್ಟದಾಗಿ ಒಂದು ಮೆಟ್ಟುಗಾಲು ಹಕ್ಕಿಯನ್ನೂ ಬಿಡಿಸಿದೆ. ಹೆಮ್ಮೆಯಿಂದ ಮಾಮಾಗೆ ತೋರಿಸಿದೆ.

ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ‘ಚಲೋ ಬರದೀಯವ್ವಾ. ಕೆರಿ ಐತಿ, ಹಕ್ಕಿ ಐತಿ. ಹೊಲ ಎಲ್ಲದಾವ ಇದರಾಗ?’ ಎಂದರು.

ಹಾಳೆಯಲ್ಲಿ ಜಾಗ ಇರಲಿಲ್ಲ. ಕೆರೆ ಹಾಳೆಯ ಅಂಚಿಗೇ ಮುಗಿದಿತ್ತು. ಈಗ ದೊಡ್ಡ ಹಾಳೆ ತಗೊಂಡಿದ್ದೇನೆ. ಆರನೇ ಸೆಮಿಸ್ಟರ್ ಶುರುವಾಗಿದೆ, ನಕ್ಷೆ ಇನ್ನೂ ಮುಗಿದಿಲ್ಲ.